ಅಮ್ಮನ ಪಾಲಿನ ಏಳು ಎಕ್ಕದೆಲೆ

ಆಗಿನ ಸತ್ವಾ ಬಡಾವಣೆಯಲ್ಲಿ ಮನೆಗಳ ನಡುವೆ ಖಾಲಿ ಮರಳು ಇನ್ನೂ ಉಳಿದಿತ್ತು. ದುಬೈಯ ತೊಂಬತ್ತರ ದಶಕ. ಹಳೆಯ ವಿಲ್ಲಾದ ಒಂದೇ ಕೋಣೆಯಲ್ಲಿ ಅಪ್ಪ, ಅಮ್ಮ, ನಾನು. ಮನೆಯ ಹಿಂದಿನ ಮರಳಿನಲ್ಲಿ ಒಂದು ಕುಳ್ಳ ಎಕ್ಕದ ಗಿಡ. ಮೂರನೇ ಕ್ಲಾಸಿನಲ್ಲಿದ್ದ ನನಗೆ ಅದರ ಮೇಲೆ ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳು ಸಿಕ್ಕಿತು.

ಲೈಬ್ರರಿ ಪುಸ್ತಕದಲ್ಲಿ ಕಪ್ಪು-ಹಳದಿ ಪಟ್ಟೆಯ, ಉದ್ದ ರೆಕ್ಕೆಯ ಚಿಟ್ಟೆಯ ಚಿತ್ರವಿತ್ತು. ಹೆಸರು ಲಾಂಗ್‌ವಿಂಗ್. ಪಟ್ಟೆ ಹುಳುವಿನಿಂದ ಪಟ್ಟೆ ಚಿಟ್ಟೆಯೇ ಬರಬೇಕಲ್ಲ! ಅದರ ವಾಸ ಅಮೆರಿಕದ ಬಿಸಿ ನಾಡಿನ ಕಾಡು ಎಂದಿತ್ತು. ಬಿಸಿ ನಮ್ಮಲ್ಲೂ ಧಾರಾಳವಾಗಿತ್ತು, ಕಾಡೊಂದು ಇರಲಿಲ್ಲ, ಅಷ್ಟೇ. ಚಿಟ್ಟೆಯಾದ ಕೂಡಲೇ ತರುತ್ತೇನೆಂದು ಇಡೀ ಕ್ಲಾಸಿನ ಮುಂದೆ ಜಂಬ ಕೊಚ್ಚಿಕೊಂಡೆ.

ಲಾಂಗ್‌ವಿಂಗ್‌ನ ಹುಳು ಪ್ಯಾಷನ್ ಹಣ್ಣಿನ ಬಳ್ಳಿಯ ಎಲೆ ಮಾತ್ರ ತಿನ್ನುತ್ತದಂತೆ. ಪಕ್ಕದ ಮನೆಯ ಗೋಡೆಯಿಂದ ಎಲೆ ಕಿತ್ತು ಹಾಲಿನ ಪುಡಿಯ ಡಬ್ಬಕ್ಕೆ ಹಾಕಿದೆ. ಎರಡು ದಿನವಾದರೂ ಹುಳು ಮೂಸಿಯೂ ನೋಡಲಿಲ್ಲ.

"ಅಮ್ಮಾ, ಇದು ಖಲಾಸ್ ಆಗೋಗತ್ತೆ!" ಎಂದು ಗೋಳಾಡಿದೆ.

ಮೈಸೂರಿನ ಅಮ್ಮ ಡಬ್ಬದೊಳಗೆ ಇಣುಕಿದಳು. "ಎಲ್ಲಿ ಸಿಕ್ತೇ ಇದು?"

"ಎಕ್ಕದ ಗಿಡದಲ್ಲಿ."

"ಮತ್ತೆ ಎಕ್ಕದೆಲೆ ಹಾಕೋದ್ ಬಿಟ್ಟು! ಪುಸ್ತಕ ಓದ್ಕೊಂಡು ಊಟಕ್ಕೆ ಕೂರತ್ತಾ ಹುಳ?"

ಆದರೆ ಮರುದಿನ ರಥಸಪ್ತಮಿ. ತಲೆ, ಹೆಗಲು, ಮಂಡಿ, ಪಾದಗಳ ಮೇಲೆ ಏಳು ಎಕ್ಕದೆಲೆ ಇಟ್ಟುಕೊಂಡು ಸ್ನಾನ ಮಾಡಬೇಕು. ಮೂವರಿಗೆಂದು ಅಮ್ಮ ಅವತ್ತು ಬೆಳಗ್ಗೆಯೇ ಇಪ್ಪತ್ತೊಂದು ಎಲೆ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಗಿಡ ಬೋಳಾಗಿತ್ತು. ಊರು ಬಿಟ್ಟ ಮೇಲೂ ಅವಳು ಒಂದು ವರ್ಷವೂ ಆ ಸ್ನಾನ ತಪ್ಪಿಸಿರಲಿಲ್ಲ. ಆದರೂ ಆ ಒದ್ದೆ ಬಟ್ಟೆಯ ಸುತ್ತು ಬಿಡಿಸಿ ತನ್ನ ಪಾಲಿನ ಏಳು ಎಲೆಗಳನ್ನು ತೆಗೆದುಕೊಟ್ಟಳು.

"ನಾನು ಬರೀ ನೀರು ಹುಯ್ಕೋತೀನಿ. ಸೂರ್ಯಂಗೆ ಅರ್ಥ ಆಗತ್ತೆ ಬಿಡು."

ಹುಳು ತಲೆಯೆತ್ತದೆ ತಿಂದಿತು. ಕೆಲವು ದಿನಕ್ಕೆ ಡಬ್ಬದ ಮುಚ್ಚಳಕ್ಕೆ ಹಸಿರು ಗೂಡಾಗಿ ನೇತುಬಿತ್ತು. ಒಂದು ಬೆಳಗ್ಗೆ ಹೊರಬಂದದ್ದು ಕಿತ್ತಳೆ ರೆಕ್ಕೆ, ಕಪ್ಪು ಅಂಚು, ಬಿಳಿ ಚುಕ್ಕೆ. ಲಾಂಗ್‌ವಿಂಗ್ ಅಲ್ಲವೇ ಅಲ್ಲ. ನನ್ನ ಮುಖ ಸಪ್ಪಗಾಯಿತು.

"ಅಯ್ಯೋ, ನಮ್ಮೂರ ಬೇಲಿ ಮೇಲೆಲ್ಲಾ ಇದೇ ಕೂತಿರೋದು ಕಣೇ!" ಎಂದು ಅಮ್ಮ ಕೂಗಿಯೇಬಿಟ್ಟಳು. ಆಮೇಲೆ ಮೆಲ್ಲಗೆ, "ಬಿಡೋಣ್ವಾ?" ಎಂದಳು.

ಕ್ಲಾಸಿನಲ್ಲಿ ನಗೆಪಾಟಲಾಗುವುದು ನೆನಪಾಯಿತು. ಆದರೂ ಹೂಂಗುಟ್ಟಿದೆ. ಚಿಟ್ಟೆ ಅಮ್ಮನ ಬೆರಳ ಮೇಲೆ ಕೂತು, ರೆಕ್ಕೆ ಬಿಚ್ಚಿ, ಗೋಡೆ ದಾಟಿ ಹೋಯಿತು. ಅಮ್ಮ ಕೈ ಚಾಚಿಕೊಂಡೇ ಚಿಕ್ಕ ಹುಡುಗಿಯ ಹಾಗೆ ನಕ್ಕಳು.

ಆ ಮರಳಿನ ಮೇಲೆ ಈಗ ಎತ್ತರದ ಕಟ್ಟಡವಿದೆ. ನಾನು ದುಡಿಯತೊಡಗಿದ ಮೇಲೆ ಅಮ್ಮನಿಗೆ ಸೀರೆ, ಬಳೆ ಕೊಡಿಸಿದ್ದೇನೆ, ಊರೂರು ಸುತ್ತಿಸಿದ್ದೇನೆ. ಖುಷಿಪಟ್ಟಿದ್ದಾಳೆ, ಇಲ್ಲವೆನ್ನಲಾರೆ. ಆದರೆ ಅವತ್ತಿನ ಹಾಗೆ ಅವಳು ನಕ್ಕಿದ್ದನ್ನು ನಾನು ಮತ್ತೆ ನೋಡಿಲ್ಲ.