ಮೇಕಪ್ ಮಾಮಾ

ಅವರ ಎಡಗೈ ಹಿಂಬದಿ ಎಂದೂ ಅವರ ಸ್ವಂತ ಬಣ್ಣದಲ್ಲಿ ಇರುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತವರ ಮೈಬಣ್ಣಕ್ಕೆ ಹೊಂದುವ ಕ್ರೀಮನ್ನು ಅಲ್ಲೇ ಕಲಸಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮುಖಕ್ಕೆ ಹಚ್ಚುತ್ತಿದ್ದರು. ಸಂಜೆ ಹೊತ್ತಿಗೆ ಹತ್ತಾರು ಮಂದಿಯ ಬಣ್ಣ ಆ ಕೈಮೇಲೆ ಪದರುಪದರಾಗಿ ಒಣಗಿರುತ್ತಿತ್ತು.

ನಾನಾಗ ಹೈದರಾಬಾದಿನ ನಾರಾಯಣಗೂಡದ ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದೆ. ತೆಲುಗು ಟಿವಿಯ ಹಾಡಿನ ಸ್ಪರ್ಧೆಯೊಂದಕ್ಕೆ ಆಯ್ಕೆಯಾಗಿದ್ದೆ. ಮೊದಲ ದಿನ ಮೇಕಪ್ ಕೋಣೆಯಲ್ಲಿ, ನಮ್ಮ ಭಾಷೆ ಇಲ್ಲಿ ಯಾರಿಗೆ ತಿಳಿದೀತು ಎಂದು ನಾನೂ ಅವ್ವನೂ ಕನ್ನಡದಲ್ಲಿ ಪಿಸುಗುಡುತ್ತಿದ್ದೆವು. ಬ್ರಷ್ ತೊಳೆಯುತ್ತಿದ್ದ ಅವರು ತಿರುಗಿ, "ಊಟ ಮಾಡಿಯೇನವ್ವಾ?" ಎಂದು ನನ್ನನ್ನು ಕೇಳಿದರು. ಬೀದರ್ ಕಡೆಯವರು. ಕಟ್ಟಡಗಳಿಗೆ ಬಣ್ಣ ಬಳಿಯಲು ಹೈದರಾಬಾದಿಗೆ ಬಂದು, ಸ್ಟುಡಿಯೋದ ಸೆಟ್‌ಗಳಿಗೆ ಬಣ್ಣ ಹಚ್ಚುತ್ತ, ಕೊನೆಗೆ ಮುಖಗಳಿಗೆ ಬಂದವರು. ಅಂದಿನಿಂದ ನನಗೆ ಅವರು ಮಾಮಾ. ಹಸಿದವರ ಮುಖಕ್ಕೆ ಬಣ್ಣ ನಿಲ್ಲುವುದಿಲ್ಲ ಎನ್ನುವುದು ಅವರ ಮಾತು. ತಿಂದು ಬಂದ ಮೇಲೆಯೇ ಬ್ರಷ್ ಎತ್ತುತ್ತಿದ್ದರು.

ನನ್ನನ್ನು ಇನ್ನಷ್ಟು ಬೆಳ್ಳಗೆ ಕಾಣಿಸಬೇಕೆಂದು ನಿರ್ದೇಶಕರು ವಾರವಾರವೂ ಹೇಳಿ ಕಳಿಸುತ್ತಿದ್ದರು. ಮಾಮಾ ಹೂಂ ಎನ್ನುತ್ತಿದ್ದರು, ನನ್ನ ಬಣ್ಣವನ್ನೇ ಹಚ್ಚುತ್ತಿದ್ದರು, ಯಾರಾದರೂ ಕೇಳಿದರೆ ತಪ್ಪನ್ನು ಲೈಟಿನ ಮೇಲೆ ಹಾಕುತ್ತಿದ್ದರು.

ಒಂಬತ್ತನೆಯ ವಾರ ನಾನು ಸೋತೆ. ವೇದಿಕೆಯ ಮೇಲೆ ಅಳು ತಡೆಯಲಾಗಲಿಲ್ಲ. ಅಳು ನಿಂತ ಮೇಲೆ ನಿರ್ದೇಶಕರು, ಅವ್ವನ ಮುಖ ಕ್ಯಾಮೆರಾಕ್ಕೆ ಸಿಕ್ಕಿಲ್ಲ, ಇಬ್ಬರೂ ಇನ್ನೊಮ್ಮೆ ಅಳಬೇಕು ಎಂದರು. ನಾನು ತಲೆಯಾಡಿಸಿ ಒಪ್ಪಿಯೂ ಬಿಟ್ಟಿದ್ದೆ. ಅಷ್ಟರಲ್ಲಿ ಮಾಮಾ ವೇದಿಕೆ ಹತ್ತಿ, ಮೇಕಪ್ಪೆಲ್ಲ ಕೆಟ್ಟಿದೆ, ಸರಿಮಾಡಲು ಅರ್ಧ ತಾಸು ಬೇಕು ಎಂದು ತೆಲುಗಿನಲ್ಲಿ ಹೇಳಿ ನಮ್ಮಿಬ್ಬರನ್ನೂ ಕೋಣೆಗೆ ಕರೆದೊಯ್ದರು. ಚಿಲಕ ಹಾಕಿದರು. ಬ್ರಷ್ ಮುಟ್ಟಲಿಲ್ಲ.

"ಅಳೂದಿದ್ರ ಇಲ್ಲಿ ಅಳವ್ವ," ಎಂದರು ನನಗೆ. "ಇದು ನಿಂದು. ಅವರಿಗೆ ಕೊಡಬ್ಯಾಡ."

ಗೋಡೆಯ ಕಡೆ ಮುಖ ಮಾಡಿ ಕೂತರು. ಹೊರಗಿನಿಂದ ಎರಡು ಸಲ ಬಾಗಿಲು ಬಡಿದರೂ ಏಳಲಿಲ್ಲ. ನಾನೂ ಅವ್ವನೂ ಸಾಕಾಗುವಷ್ಟು ಅತ್ತು ಹೊರಗೆ ಬಂದಾಗ ನಮ್ಮಲ್ಲಿ ಕಣ್ಣೀರು ಉಳಿದಿರಲಿಲ್ಲ. ಮತ್ತೆ ವೇದಿಕೆ ಹತ್ತಿ, ಎಲ್ಲರಿಗೂ ಕೈಮುಗಿದು ಇಳಿದೆ. ಟಿವಿಯಲ್ಲಿ ಮಾತ್ರ ಅವ್ವ ಅಳುತ್ತಿದ್ದಳು. ನಾನು ಆಯ್ಕೆಯಾದ ದಿನ ಅವಳು ಸಂತೋಷಕ್ಕೆ ಅತ್ತದ್ದನ್ನು ತಂದು ಅಲ್ಲಿ ಜೋಡಿಸಿದ್ದರು.

ಆಮೇಲೆ ನಾಲ್ಕು ತಿಂಗಳು, ಹಿಮಾಯತ್‌ನಗರದ ಬೀದಿಯಲ್ಲಿ ನಡೆದರೆ ಜನ ಸೆಲ್ಫಿಗೆ ನಿಲ್ಲಿಸುತ್ತಿದ್ದರು. ಹೊಸ ಸೀಸನ್ ಶುರುವಾಯಿತು, ಸೆಲ್ಫಿಯೂ ನಿಂತಿತು. ನಾನು ಹಾಡು ಬಿಟ್ಟು, ಬೇಗಂ ಬಜಾರಿನ ಅಪ್ಪನ ಪಾತ್ರೆ ಅಂಗಡಿಯಲ್ಲಿ ಕೂರತೊಡಗಿದೆ. ಒಂದು ದಿನ ಮಾಮಾ ಅಲ್ಲಿಗೇ ಬಂದು, ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಹಾಡಬೇಕೆಂದರು. ಈಗ ಹಾಡುವುದಿಲ್ಲ ಎಂದೆ. "ಮೈಕ್ ಇಲ್ಲವ್ವ. ಕೂಸು ಮಲಗಿದ್ರ ಸಾಕು," ಎಂದರು.

ಹೋದೆ. ಎರಡು ಕೋಣೆಯ ಮನೆ, ತುಂಬ ಹೆಂಗಸರು. ಅವ್ವ ಹೇಳಿಕೊಟ್ಟಿದ್ದ ಜೋಗುಳ ಹಾಡಿದೆ. ಕೂಸು ಮಲಗಲೇ ಇಲ್ಲ, ಕಣ್ಣರಳಿಸಿ ಕೇಳುತ್ತಿತ್ತು. ಅಲ್ಲಿಯೇ ಅವರ ಮಗಳು ನನಗೆ ಹೇಳಿದಳು: ಆ ದಿನ ಬಾಗಿಲು ಹಾಕಿಕೊಂಡದ್ದಕ್ಕೆ ಮಾಮಾನ ಕೆಲಸ ಹೋಗಿತ್ತು, ಈಗ ಮದುವೆಮನೆಗಳಲ್ಲಿ ಮೇಕಪ್ ಮಾಡುತ್ತಾರೆ. ನಾನು ಹೋಗಿ ಅವರ ಮುಂದೆ ನಿಂತೆ. "ಮದುವಿ ಹುಡುಗ್ಯಾರು ಖುಷಿಲಿ ಇರ್ತಾರವ್ವ. ಇದು ಭಾಳ ಚಲೋ ಐತಿ," ಎಂದು ಹೋಳಿಗೆ ತಟ್ಟೆ ಕೈಗಿಟ್ಟರು.

ಈಗ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತೇನೆ. ಹಾಡಲು ಮತ್ತೆ ಬಾಯಿ ತೆರೆದದ್ದು ಅವರ ಮನೆಯಲ್ಲಿ. ಆ ಋಣವನ್ನು ಅವರಿಗೆ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಹೋದ ವರ್ಷ ಮಾಮಾ ಹೃದಯಾಘಾತದಿಂದ ತೀರಿಕೊಂಡರು. ಮೂರನೆಯ ದಿನ ಅವರ ಹೆಂಡತಿ ಒಂದು ಭಜನೆ ಹಾಡೆಂದರು. ಎರಡನೆಯ ನುಡಿಯಲ್ಲಿ ದನಿ ಒಡೆಯಿತು. ಯಾರೂ ಆತುರಪಡಿಸಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮೂರನೆಯ ನುಡಿ ಎತ್ತಿಕೊಂಡೆ.