ನೂರಾ ಅರವತ್ತೆಂಟು ಚಿತ್ರಗಳ ಸರದಿ

ಖಾನಾಪುರದ ವಕೀಲ ಬಿಂದುಮಾಧವರಾಯರು ೧೯೨೬ರ ಜನವರಿಯಲ್ಲಿ ಒಂದು ತಗಡಿನ ಟ್ರಂಕನ್ನು ಹಮಾಲನ ತಲೆಯ ಮೇಲೆ ಹೊರಿಸಿಕೊಂಡು ಬೆಳಗಾವಿಯ ರವಿವಾರ ಪೇಟೆಗೆ ಬಂದರು. ಅಲ್ಲಿ ಬೆಲ್ಲ, ಮೆಣಸಿನಕಾಯಿಯ ಅಡತಿ ಅಂಗಡಿಗಳ ನಡುವೆ ಮಜೀದರದು ಪುಸ್ತಕ ಕಟ್ಟುವ ಅಂಗಡಿ. ಶಾಲೆಯ ಹಾಜರಿ ಪುಸ್ತಕವಿರಲಿ, ಮಠದ ಹಸ್ತಪ್ರತಿಯಿರಲಿ, ಅವರ ಕೈಗೆ ಬಂದದ್ದು ಗಟ್ಟಿಯಾಗಿ ಎದ್ದು ನಿಲ್ಲುತ್ತಿತ್ತು. ಈಚೆಗೆ ಅವರ ಕಣ್ಣು ಮಂಜಾಗಿತ್ತು. ಹೊಲಿಗೆಯನ್ನೆಲ್ಲ ಅಂಗಡಿಯ ಹಿಂಬದಿಯಲ್ಲಿ, ಪರದೆಯ ಆಚೆ ಕೂತು ಮಗಳು ಮುನವ್ವರಾ ಮಾಡುತ್ತಿದ್ದಳು. ಅವಳಿಗೆ ಇಪ್ಪತ್ತನಾಲ್ಕು. ಮದುವೆಯಾದ ಮರುವರ್ಷವೇ, ಊರೂರಿಗೆ ಇನ್‌ಫ್ಲುಯೆಂಜಾ ಹರಡಿದಾಗ, ಗಂಡ ತೀರಿಕೊಂಡು ತವರಿಗೆ ಮರಳಿದವಳು.

ರಾಯರು ಟ್ರಂಕು ತೆಗೆಸಿದರು. ಒಳಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ, ಅದರ ಜೊತೆಗೆ ಬಿಡಿಬಿಡಿಯಾದ ಚಿತ್ರದ ಹಾಳೆಗಳ ರಾಶಿ.

"ಮಜೀದಮಿಯಾ, ಇದನ್ನ ಹೆಂಗಾರ ಉಳಿಸಿಕೊಡ್ರಿ. ಗೋರಾ ಇಂಜಿನಿಯರ ಒಬ್ಬಾಂವ ವಿಲಾಯತಿಗೆ ಹೊಂಟಾಗ ಕೊಟ್ಟುಹೋದ. ಆ ಕಡೀ ದೇಶದ ಚಿತ್ರಕಲಾದ ಇತಿಹಾಸ, ಆರುನೂರು ವರ್ಷದ್ದು. ನಮ್ಮ ಖಾನಾಪುರದ ವಾಚನಾಲಯಕ್ಕ ಕೊಡೂಣು ಅಂತ ಇಟ್ಟಿದ್ದೆ, ಒರಲಿ ಹತ್ತಿಬಿಡ್ತು."

ಗೆದ್ದಲು ಪುಸ್ತಕವನ್ನು ಮುಟ್ಟಿರಲಿಲ್ಲ. ಚಿತ್ರದ ಹಾಳೆಗಳ ಕೆಳಗಿನ ಅಂಚನ್ನು ಮಾತ್ರ ತಿಂದಿತ್ತು. ಚಿತ್ರದ ಸಂಖ್ಯೆ, ಚಿತ್ರಕಾರನ ಹೆಸರು, ಇಸವಿ ಅಚ್ಚಾಗಿದ್ದದ್ದು ಆ ಅಂಚಿನಲ್ಲೇ. ಅಷ್ಟು ಸಾಲದೆಂಬಂತೆ, ರಾಯರ ಮನೆಯವರು ಹಾಳೆಗಳನ್ನು ಬಿಸಿಲಿಗೆ ಹರವಿದಾಗ ಗಾಳಿ ಬೀಸಿ ಎಲ್ಲ ಕಲಸಿಹೋಗಿದ್ದವು.

"ಕಟ್ಟಾಕ ಬರ್ತೈತ್ರಿ ಸಾಹೇಬ್ರ," ಎಂದರು ಮಜೀದ. "ಖರೇ, ಯಾವುದರ ಹಿಂದ ಯಾವುದು ಅಂತ ಹೆಂಗ ತಿಳೀಬೇಕು?"

"ಸಿಕ್ಕಂಗ ಕಟ್ಟಿಬಿಡ್ರಿ. ನೋಡಾವರಿಗೆ ಚಿತ್ರ ಕಂಡರ ಸಾಕು."

ಪರದೆಯ ಹಿಂದಿನಿಂದ ಮುನವ್ವರಾ ತಂದೆಯನ್ನು ಕರೆದು ಮಾತಾಡಿದಳು. ಗಿರಾಕಿ ಇದ್ದಾಗ ಅವಳು ಬಾಯಿ ತೆರೆದದ್ದು ಅದೇ ಮೊದಲು.

"ಅಬ್ಬಾ, ಸಿಕ್ಕಂಗ ಕಟ್ಟಿದರ ಅದು ಇತಿಹಾಸ ಹೆಂಗ ಆಗ್ತೈತಿ? ಮಳಿಗಾಲದ ತನಕ ವ್ಯಾಳ್ಯಾ ಕೊಡಸ್ರಿ. ನಾ ಸರದಿ ಹಚ್ಚತೀನಿ."

ಮಜೀದರು ಗಲಿಬಿಲಿಗೊಂಡರು. ರಾಯರು ಮಾತ್ರ ಪರದೆಯ ಕಡೆ ನೋಡಿ, "ಆತು ತಂಗಿ. ಮೇ ತಿಂಗಳ ಕಡೀತನಕ ನಿನ್ನ ಕಡೇನ ಇರಲಿ," ಎಂದು ಟ್ರಂಕು ಬಿಟ್ಟು ಹೋದರು.

ಮುನವ್ವರಾಳ ಇಂಗ್ಲಿಷ್ ಶಾಲೆಯ ಎರಡನೆಯ ಪುಸ್ತಕಕ್ಕೆ ನಿಂತಿತ್ತು. ಅಂಗಡಿಯಲ್ಲಿ ಯಾರೋ ಕಟ್ಟಲು ಕೊಟ್ಟು ಮರಳಿ ಒಯ್ಯದ ಒಂದು ಇಂಗ್ಲಿಷ್–ಕನ್ನಡ ನಿಘಂಟು ಇತ್ತು. ಅದನ್ನು ಪಕ್ಕಕ್ಕಿಟ್ಟುಕೊಂಡು ದಪ್ಪ ಪುಸ್ತಕದ ಮೊದಲ ಪುಟ ಬಿಚ್ಚಿದಳು. ಮೊದಲ ದಿನ ಮೂರು ಸಾಲು ಓದಿದಳು. ಅದರಲ್ಲಿ ಒಂದು ಸಾಲು ಅರ್ಥವಾಗಲೇ ಇಲ್ಲ. ಹದಿನೈದು ದಿನ ಕಳೆಯುವಷ್ಟರಲ್ಲಿ ದಿನಕ್ಕೆ ಅರ್ಧ ಪುಟ ಸಾಗುತ್ತಿತ್ತು. ಪುಸ್ತಕದ ಕೊನೆಗೆ ಚಿತ್ರಗಳ ಪಟ್ಟಿ ಇತ್ತು, ನೂರಾ ಅರವತ್ತೆಂಟು ಹೆಸರು. ಆದರೆ ಹೆಸರಿನಿಂದ ಆಗುವ ಕೆಲಸ ಅದಲ್ಲ. 'ತಾಯಿ ಮತ್ತು ಮಗು' ಎಂಬುದೇ ಇಪ್ಪತ್ತಮೂರು ಸಲ ಬಂದಿತ್ತು. ಯಾವ ತಾಯಿ ಮೊದಲಿನವಳು, ಯಾವಳು ಇನ್ನೂರು ವರ್ಷ ಈಚಿನವಳು ಎಂಬುದನ್ನು ಚಿತ್ರವನ್ನೇ ಓದಿ ತಿಳಿಯಬೇಕಿತ್ತು.

ಮನೆ ಖಾಸಬಾಗದಲ್ಲಿ. ಒಂದು ಸಂಜೆ ನಾಲ್ಕು ಹಾಳೆ ಮನೆಗೆ ತಂದಳು. ತಾಯಿ ಕರೀಮುನ್ನಿಸಾ ಒಲೆಯ ಮುಂದಿನಿಂದ ಎದ್ದು ಬಂದು ನೋಡಿದರು. ನಾಲ್ಕನೆಯದರಲ್ಲಿ ಮೈಮೇಲೆ ನೂಲಿಲ್ಲದ ಹೆಂಗಸೊಬ್ಬಳು ಮಂಚದ ಮೇಲೆ ಒರಗಿದ್ದಳು.

"ತೋಬಾ! ಇವು ನಮ್ಮ ಮನ್ಯಾಗ ಬ್ಯಾಡ. ನಮಾಜಿನ ಜಾಗಾ ಇದು."

"ಆತಮ್ಮಾ, ತರೂದಿಲ್ಲ. ಅಂಗಡ್ಯಾಗ ನೋಡತೀನಿ."

"ಅಲ್ಲಾದರೂ ಯಾಕ? ನಿನಗೇನು ಸಿಗತೈತಿ ಇದರಾಗ?"

ಮುನವ್ವರಾ ಮರುದಿನ ಹಾಳೆಗಳನ್ನು ಅಂಗಡಿಗೆ ಒಯ್ದಳು. ಕೆಲಸ ಮಾತ್ರ ಬಿಡಲಿಲ್ಲ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಅವಳಿಗೆ ಮೊದಲ ಬಾಗಿಲು ತೆರೆಯಿತು. ಇಟಲಿಯ ಚಿತ್ರಕಾರರು ದೂರವನ್ನು ಹಾಳೆಯ ಮೇಲೆ ತರುವುದನ್ನು ಕಲಿತರು ಎಂದು ಪುಸ್ತಕ ಹೇಳುತ್ತಿತ್ತು. ನೆಲದ ಗೆರೆಗಳು ಓಡಿ ಒಂದೇ ಬಿಂದುವಿನಲ್ಲಿ ಕೂಡುತ್ತವಂತೆ. ಅದು ಖರೆಯೋ ಸುಳ್ಳೋ ನೋಡಿಯೇ ಬಿಡೋಣವೆಂದು, ಚೌಕಾಕಾರದ ಕಲ್ಲುಹಾಸಿನ ಚಿತ್ರವೊಂದನ್ನು ಹಲಗೆಯ ಮೇಲಿಟ್ಟು, ಹೊಲಿಗೆಯ ದಾರವನ್ನು ಒಂದೊಂದು ಗೆರೆಯ ಮೇಲೆ ಎಳೆದು ಹಿಡಿದಳು. ಐದು ದಾರವೂ ನಡುವೆ ಕೂತ ಹೆಂಗಸಿನ ಹುಬ್ಬಿನ ಬಳಿ ಬಂದು ಕೂಡಿದವು.

"ಅಬ್ಬಾ! ಇಲ್ಲಿ ಬರ್ರಿ, ಬೇಗ ಬರ್ರಿ!"

ಮಜೀದರಿಗೆ ಚಿತ್ರ ಸರಿಯಾಗಿ ಕಾಣಲಿಲ್ಲ. ಮಗಳು ಅವರ ಬೆರಳು ಹಿಡಿದು ದಾರದ ಮೇಲೆ ನಡೆಸಿದಳು. ಬೆರಳು ಐದು ಕಡೆಯಿಂದ ಹೊರಟು ಐದು ಸಲವೂ ಒಂದೇ ಜಾಗಕ್ಕೆ ಬಂತು. ಮಜೀದರು, "ಇದನ್ನ ಮಾಡಿದಾಂವ ನಮ್ಮಂಗ ಅಳತೀ ಕೆಲಸದಾಂವನ ಬಿಡು," ಎಂದರು. ಆ ದಿನದಿಂದ ಬೇರೆ ಹೊಲಿಗೆಯನ್ನು ಅವರು ಬೆರಳ ಅಂದಾಜಿನಲ್ಲಿ ತಾವೇ ಮಾಡತೊಡಗಿದರು, ಮಗಳಿಗೆ ಹೊತ್ತು ಸಿಗಲೆಂದು.

ಈಗ ರಾಶಿ ಒಡೆಯಿತು. ತಲೆಯ ಹಿಂದೆ ಬರಿಯ ಚಿನ್ನದ ತಗಡು, ಕಾಲು ನೆಲಕ್ಕೆ ಹತ್ತದಂಥ ಸಂತರು ಒಂದು ಕಡೆ. ದಾರ ಕೂಡುವ ಚಿತ್ರಗಳು ಅವುಗಳ ಮುಂದೆ. ಒಂದೇ ಬಾಜುವಿನಿಂದ ಬೆಳಕು ಬಿದ್ದು ಉಳಿದದ್ದೆಲ್ಲ ಕತ್ತಲೆಯಲ್ಲಿ ಮುಳುಗಿದವು ಇನ್ನೂ ಮುಂದೆ. ಬಿಳಿಯ ಹುಸಿಗೂದಲು ತೊಟ್ಟು ತೋಟದಲ್ಲಿ ಜೋಕಾಲಿ ಆಡುವವರು ಅದಕ್ಕೂ ಈಚೆ. ರೈಲು ಸ್ಟೇಶನ್ನಿನ ಹೊಗೆಯ ಚಿತ್ರ ಎಲ್ಲಿಯದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಉಳಿದವು ಹತ್ತೊಂಬತ್ತು. ಅವುಗಳಲ್ಲಿ ಮೇಜು ಓರೆ, ಅದರ ಮೇಲಿನ ಹಣ್ಣು ಉರುಳಿ ಬೀಳುವಂತಿವೆ. ಗುಡ್ಡಕ್ಕೆ ನೆರಳಿಲ್ಲ. ಹೊಳೆಗಿಳಿದ ಹೆಂಗಸರ ಮುಖದಲ್ಲಿ ಕಣ್ಣುಮೂಗು ನೆಟ್ಟಗಿಲ್ಲ. ಏನೂ ಬಾರದವರು ತೆಗೆದದ್ದು, ಹಾಗಾಗಿ ಎಲ್ಲಕ್ಕಿಂತ ಹಳೆಯವು ಎಂದು ತೀರ್ಮಾನಿಸಿ ಚಿನ್ನದ ಸಂತರಿಗೂ ಮೊದಲು ಇಟ್ಟಳು. ಸಂಖ್ಯೆ ಹಾಕುತ್ತ ಹೋದಳು.

ಏಪ್ರಿಲ್ ನಡುವೆ ಅವಳು ಹಾಕಿದ ಸಂಖ್ಯೆ ಪುಸ್ತಕದ ಪಟ್ಟಿಗೆ ಹೊಂದದಾಯಿತು. ಪ್ರತಿಯೊಂದೂ ಹತ್ತೊಂಬತ್ತು ಮನೆ ಕೆಳಗೆ ಜಾರಿತ್ತು. ಎರಡು ಸಲ, ಮೂರು ಸಲ ಎಣಿಸಿದರೂ ಅಷ್ಟೇ. ಅವಳು ಪುಸ್ತಕವನ್ನು ಮುಗಿಸಿರಲಿಲ್ಲ. ಚಿತ್ರಗಳ ಹುರುಪಿನಲ್ಲಿ ಕೊನೆಯ ಅಧ್ಯಾಯ ಹಾಗೇ ಉಳಿದಿತ್ತು. ಈಗ ನಿಘಂಟು ಹಿಡಿದು ಅದಕ್ಕೆ ಕೂತಳು. ಒಂಬತ್ತು ದಿನ ಹಿಡಿಯಿತು. ಒಂಬತ್ತನೆಯ ದಿನ ಓದಿದ್ದು ಅವಳನ್ನು ಅಲುಗಿಸಿತು. ಆ ಹತ್ತೊಂಬತ್ತನ್ನು ತೆಗೆದ ಫ್ರಾನ್ಸಿನ ಈಚಿನ ಚಿತ್ರಕಾರರಿಗೆ ನೆರಳು, ಅಳತೆ, ದೂರ ಎಲ್ಲವೂ ಬರುತ್ತಿತ್ತು. ಅಜ್ಜ ಮುತ್ತಜ್ಜರು ಐನೂರು ವರ್ಷ ಕಷ್ಟಪಟ್ಟು ಗಳಿಸಿಟ್ಟ ವಿದ್ಯೆಯನ್ನು ಅವರು ಬೇಕೆಂದೇ ಕೆಳಗಿಟ್ಟು, ಕಣ್ಣಿಗೆ ಬೇರೆ ದಾರಿ ಉಂಟೇ ಎಂದು ಹುಡುಕಿದ್ದರು.

"ಏನಾತು ಬೇಟೀ?" ಎಂದರು ಮಜೀದ, ಬಹಳ ಹೊತ್ತಿನಿಂದ ಪುಟ ಮಗುಚುವ ಸದ್ದು ಕೇಳದೆ.

"ತಪ್ಪಿದೆ ಅಬ್ಬಾ. ಬರಲಾರದ ಮಾಡಿದ್ದಲ್ಲ, ಬ್ಯಾಡಂತ ಬಿಟ್ಟದ್ದು. ಮೊದಲ ಇಟ್ಟದ್ದೆಲ್ಲಾ ಕಡೀಗೆ ಬರಬೇಕು. ಎಲ್ಲಾದರ ನಂಬರೂ ಅಳಿಸಬೇಕು."

"ಒಂದು ತಿಂಗಳ ಉಳದೈತಿ. ವಕೀಲರಿಗೆ ಹೇಳಿ ಕಳಸಲೇನು?"

"ಬ್ಯಾಡ್ರಿ. ಮತ್ತ ಮೊದಲಿಂದ ಹಚ್ಚತೀನಿ."

ಹಾಗೆಯೇ ಮಾಡಿದಳು. ಈ ಸಲ ಪ್ರತಿ ಚಿತ್ರಕ್ಕೂ ಪುಸ್ತಕದ ಯಾವ ಪುಟದ ಯಾವ ಸಾಲು ಸಾಕ್ಷಿ ಎಂಬುದನ್ನು ಬೇರೆ ಕಾಗದದಲ್ಲಿ ಕನ್ನಡದಲ್ಲಿ ಬರೆದಳು. ಮೇ ಇಪ್ಪತ್ತರ ಹೊತ್ತಿಗೆ ನೂರಾ ಅರವತ್ತನಾಲ್ಕು ಕೂತವು. ನಾಲ್ಕರ ಬಗ್ಗೆ ಅನುಮಾನ ಉಳಿಯಿತು. ಹೊಲಿಯುವ ಮೊದಲು ಪುಸ್ತಕದ ಧಣಿ ರಾಯರಿಗೆ ತೋರಿಸಲೇಬೇಕೆಂದು ತಂದೆಯನ್ನು ಹೊರಡಿಸಿದಳು. ಇಬ್ಬರೂ ಮುಂಜಾನೆಯ ರೈಲಿಗೆ ಖಾನಾಪುರಕ್ಕೆ ಹೋದರು.

ರಾಯರ ಪಡಸಾಲೆಯಲ್ಲಿ ಅಂದು ಗೋವೆಯ ಪಾದ್ರಿ ಕಾಯ್ತಾನ ಇದ್ದರು. ಕಣಕುಂಬಿಯ ಘಟ್ಟ ಹತ್ತಿ ಈ ಸೀಮೆಗೆ ಬಂದು ಇಪ್ಪತ್ತು ವರ್ಷವಾದ ಮುದುಕರು, ಹುಡುಗತನದಲ್ಲಿ ರೋಮಿನಲ್ಲಿ ಓದಿದವರು. "ಇವರು ಖುದ್ದ ನೋಡ್ಯಾರ, ಇವರಿಗೆ ತೋರಸು ತಂಗಿ," ಎಂದರು ರಾಯರು. ಮುನವ್ವರಾ ಬುರ್ಖಾದ ಮುಸುಕನ್ನು ಮೇಲೆತ್ತಿಕೊಂಡು ಜಮಖಾನೆಯ ಮೇಲೆ ಹಾಳೆಗಳನ್ನು ಒಂದೊಂದಾಗಿ ಇಟ್ಟಳು.

ಪಾದ್ರಿಗಳು ಒಂದೊಂದನ್ನೂ ಬಗ್ಗಿ ನೋಡುತ್ತ ಹೋದರು. ಪೋಪ್ ಒಬ್ಬರು ಕುರ್ಚಿಯಲ್ಲಿ ಕೂತ ಚಿತ್ರದ ಬಳಿ ಅವರ ಕೈ ನಿಂತಿತು.

"ಬಾಯೆ, ಇದು ಇಲ್ಲಿ ಅಲ್ಲ. ಮುಂದೆ ಇನ್ನೊಬ್ಬ ಪೋಪನನ್ನು ಇಟ್ಟೀಯಲ್ಲ, ಅವನ ಜಾಗ ಇದು. ಅದಲುಬದಲು ಮಾಡು."

"ಹೆಂಗ ಗೊತ್ತಾತ್ರಿ?"

"ಈ ಬಟ್ಟೆ ನೋಡು. ಹತ್ತಿರ ಹೋದರೆ ಬರೀ ಕುಂಚದ ಗೀರು, ದೂರ ನಿಂತರೆ ರೇಷ್ಮೆ. ಮೊದಲಿನವರು ಹೀಗೆ ಮಾಡುತ್ತಿರಲಿಲ್ಲ. ನೂರು ವರ್ಷ ಈಚಿನದು."

ಅವಳು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಕತ್ತು ಹಿಂದಕ್ಕೆ ಮಾಡಿ, ಮತ್ತೆ ಬಗ್ಗಿ ನೋಡಿದಳು. "ಖರೇ ಐತ್ರಿ. ನಂದು ತಪ್ಪು," ಎಂದು ಬದಲಿಸಿದಳು. ಅನುಮಾನದ ನಾಲ್ಕರಲ್ಲಿ ಮೂರು ಸರಿ ಇದ್ದವು. ಒಂದನ್ನು ಪಾದ್ರಿಗಳೂ ಹೇಳಲಾರದಾದರು.

ಅವಳು ಒಂದು ಮಾತು ಕೇಳಬೇಕಿತ್ತು. ಕಪ್ಪು ಬಿಳುಪಿನಲ್ಲಿ ಅಚ್ಚಾದ ಚಿತ್ರಗಳವು. ನಾಲ್ಕು ತಿಂಗಳು ಅವುಗಳ ಜೊತೆ ಇದ್ದರೂ ಒಂದರ ಬಣ್ಣವೂ ಅವಳಿಗೆ ಗೊತ್ತಿರಲಿಲ್ಲ.

"ಈ ಪೋಪನ ಅಂಗಿ ಯಾವ ಬಣ್ಣದ್ದ್ರಿ?"

ಪಾದ್ರಿಗಳು ಕಣ್ಣು ಮುಚ್ಚಿದರು. "ಕೆಂಪು. ಹಿಂದಿನ ಪರದೆ ಕೆಂಪು, ಕುರ್ಚಿ ಕೆಂಪು. ಕೆಂಪಿನ ಮೇಲೆ ಕೆಂಪು, ಆದರೂ ಒಂದರ ಹಾಗೆ ಒಂದಿಲ್ಲ."

ಮಧ್ಯಾಹ್ನದ ರೈಲು ತಪ್ಪಿತು. ತಾವು ಕಣ್ಣಾರೆ ಕಂಡ ಮೂವತ್ತೊಂದು ಚಿತ್ರಗಳ ಬಣ್ಣವನ್ನು ಮುದುಕರು ನೆನಪಿನಿಂದ ಹೇಳಿದರು. ಅವಳು ಪ್ರತಿ ಚಿತ್ರದ ಮೇಲಿನ ತೆಳು ಕಾಗದದ ಮೇಲೆ ಪೆನ್ಸಿಲಿನಿಂದ ಬರೆದುಕೊಂಡಳು.

ಮಳೆಗೆ ನಾಲ್ಕು ದಿನ ಮೊದಲು, ಚಿತ್ರಗಳನ್ನು ಸೇರಿಸಿ ಹೊಲಿದ ಪುಸ್ತಕ ಖಾನಾಪುರದ ವಾಚನಾಲಯ ಸೇರಿತು. ಹದಿನೈದು ದಿನದ ಮೇಲೆ ರಾಯರು ಅಂಗಡಿಗೆ ಬಂದು, "ಪುಸ್ತಕ ಕಪಾಟಿನ್ಯಾಗ ಕುಂತೈತಿ ಮಜೀದಮಿಯಾ, ಬಿಡಿಸಿ ಹೇಳಾವರು ಯಾರೂ ಇಲ್ಲ. ನಮ್ಮ ಹೆಣ್ಣುಮಕ್ಕಳ ಸಾಲಿಗೆ ಚಿತ್ರ ಕಲಸಾವರು ಬೇಕು. ನಿಮ್ಮ ಮಗಳು ಸರಕಾರದ ಡ್ರಾಯಿಂಗ್ ಪರೀಕ್ಷಾ ಕೊಟ್ಟರ ಆತು," ಎಂದರು.

ಮೂರನೆಯ ದಿನ ಕರೀಮುನ್ನಿಸಾ, "ಹೆಣ್ಮಕ್ಕಳ ಸಾಲಿ ಹೌದಲ್ಲೋ?" ಎಂದು ಕೇಳಿದರು. ಹೌದೆಂದ ಮೇಲೆ ಅಕ್ಕಿ ಆರಿಸುತ್ತ, "ಮುಸುಕು ಬಿಡಬ್ಯಾಡ," ಎಂದಷ್ಟೇ ಹೇಳಿದರು.

ಮೊದಲ ಪರೀಕ್ಷೆಯಲ್ಲಿ ಮುನವ್ವರಾ ನಪಾಸಾದಳು. ಕೈಗೆ ರೂಢಿಯಿರಲಿಲ್ಲ, ಹೂಜಿಯ ಬಾಯಿ ಸೊಟ್ಟಗಾಯಿತು. ಮುಂದಿನ ವರ್ಷ ಪೂರ್ತಿ ಹೂಜಿ, ಕೊಡ, ತಂಬಿಗೆಗಳನ್ನೇ ತೆಗೆದು ಪಾಸಾದಳು. ೧೯೨೮ರ ಜೂನಿನಲ್ಲಿ ಖಾನಾಪುರದಲ್ಲಿ ಗೌರವ್ವ ಎಂಬವರ ಮನೆಯ ಹಿಂದಿನ ಖೋಲಿ ಹಿಡಿದು ಶಾಲೆಗೆ ಹೋಗತೊಡಗಿದಳು. ಮಕ್ಕಳಿಗೆ ಇಂಗ್ಲಿಷ್ ಬಾರದು. ಅರ್ಧಕ್ಕರ್ಧ ಮನೆಯಲ್ಲಿ ಮರಾಠಿ. ಆದ್ದರಿಂದ ಆರುನೂರು ವರ್ಷದ ಆ ಕಥೆಯನ್ನು ತಾನೇ ಸುಲಭ ಕನ್ನಡದಲ್ಲಿ ಬರೆದು, ಶನಿವಾರಕ್ಕೊಮ್ಮೆ ವಾಚನಾಲಯದಿಂದ ಆ ಪುಸ್ತಕ ತಂದು ಚಿತ್ರ ತೋರಿಸುತ್ತ ಓದಿ ಹೇಳುತ್ತಿದ್ದಳು.

ದೀಪಾವಳಿಯ ರಜೆಯ ಮುಂಚಿನ ಶನಿವಾರ ಕಥೆ ಹಾಲೆಂಡಿಗೆ ಬಂದಿತ್ತು. ಮುಂದಿನ ಸಾಲಿನಲ್ಲಿದ್ದ ಕುಂದಾ ಎಂಬ ಹುಡುಗಿ ಎದ್ದು ನಿಂತಳು.

"ಅಕ್ಕೋರ, ಚಿತ್ರದಾಗ ಎಲ್ಲಾ ಕಡೆ ಹೆಣ್ಮಕ್ಕಳ ಅದಾರ. ತೆಗದಾವರು ಬರೇ ಗಂಡಸರು. ಹೆಣ್ಮಕ್ಕಳು ಯಾರೂ ತೆಗದೇ ಇಲ್ಲೇನ್ರಿ?"

ಮುನವ್ವರಾ ಪಟ್ಟಿಯನ್ನು ಮನಸ್ಸಿನಲ್ಲೇ ಮೊದಲಿಂದ ಕೊನೆಯವರೆಗೆ ಓದಿಕೊಂಡಳು. ಎರಡೇ ಹೆಸರು. ಅವರ ಬಗ್ಗೆ ಪುಸ್ತಕ ಬರೆದದ್ದು ಒಟ್ಟು ನಾಲ್ಕು ಸಾಲು.

"ತೆಗದಾರ. ನಂಗ ಇಬ್ಬರ ಹೆಸರು ಅಷ್ಟ ಗೊತ್ತದಾವ," ಎಂದಳು. "ಕುಂದರು. ಬಾಕೀದವರ್‍ನ ಹುಡುಕಿ ಹೇಳತೀನಿ."

ಆ ಸೋಮವಾರವೇ ಮುಂಬಯಿಯ ಒಂದು ಪುಸ್ತಕದ ಅಂಗಡಿಗೆ ಇಂಗ್ಲಿಷಿನಲ್ಲಿ ತನ್ನ ಮೊದಲ ಕಾಗದ ಬರೆದಳು.