ಬದುವಿನ ಸಾಲಿನ ಅಡಿವೆವ್ವ

ಚಿಕ್ಕನರಗುಂದದಲ್ಲಿ ಅಡಿವೆವ್ವನ ವಯಸ್ಸು ಕೇಳುವ ಧೈರ್ಯ ಯಾರಿಗೂ ಇಲ್ಲ. ಕೇಳಿದರೆ, "ಯಾಕ, ನನಗೇನ ಗಂಡ ಹುಡಕಾಕ ಹೊಂಟೀಯೇನ?" ಎಂದು ಬಾಯಿ ಮುಚ್ಚಿಸುತ್ತಾಳೆ. ಮೊಮ್ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ ಅಂದ ಮೇಲೆ ಲೆಕ್ಕ ನೀವೇ ಹಾಕಿಕೊಳ್ಳಿ. ಆದರೂ ಬೆಳಗಾದರೆ ಕೂಲಿ ಹೆಂಗಸರನ್ನು ಹೊತ್ತೊಯ್ಯುವ ಟಂಟಂನಲ್ಲಿ ಡ್ರೈವರ್ ಪಕ್ಕದ ಜಾಗ ಆಕೆಯದು. ಹೊಲಕ್ಕಿಳಿದರೆ ಬದುವಿಗೆ ಹತ್ತಿದ ಮೊದಲ ಸಾಲು ಆಕೆಯದು.

ಈ ಬದುವಿನ ಸಾಲಿಗೆ ಅದರದೇ ಗತ್ತು ಇದೆ. ಕಸ ತೆಗೆಯಲು ಹೆಂಗಸರು ತಲಾ ಒಂದು ಸಾಲು ಹಿಡಿದು ಕೂತರೆಂದರೆ, ಬದುವಿನ ಸಾಲಿನಾಕೆಯನ್ನು ದಾಟಿ ಯಾರೂ ಮುಂದೆ ಹೋಗುವಂತಿಲ್ಲ. ಆಕೆ ಕುರ್ಪಿ ಊರಿದ ಮೇಲೆಯೇ ಉಳಿದವರು ಊರಬೇಕು. ಆಕೆ ನೀರು ಕುಡಿಯಿರಿ ಅಂದ ಮೇಲೆಯೇ ನೀರು. ನಾಳೆ ನಮ್ಮ ಹೊಲಕ್ಕೆ ಬರುತ್ತೀರಾ ಎಂದು ಮಾಲೀಕರು ಬಂದು ಕೇಳುವುದೂ ಆಕೆಯನ್ನೇ. ಇದು ಯಾವ ಕಾಲದ ಕಟ್ಟಳೆಯೋ, ಮುರಿದವರನ್ನಂತೂ ಊರು ನೋಡಿಲ್ಲ.

ತನ್ನನ್ನು ಯಾರೂ ದಾಟದಿರುವುದಕ್ಕೆ ತನ್ನ ಕೈಯ ಚುರುಕೇ ಕಾರಣ ಎಂದು ಅಡಿವೆವ್ವ ನಂಬಿಬಿಟ್ಟಿದ್ದಳು. ಎಡವಟ್ಟಾದದ್ದು ಅಲ್ಲೇ. "ಈಗಿನ ಹುಡಿಗ್ಯಾರಿಗೆ ಮಾರಿಗಿ ಪೌಡರ್ ಹಚ್ಚಾಕ ಬರ್ತೈತಿ, ಕುರ್ಪಿ ಹಿಡ್ಯಾಕ ಬರಂಗಿಲ್ಲ. ಮುದುಕಿ ಹಿಂದ ಬರಾಕ ಆಗವಲ್ತು ಇವಕ್ಕ!" ಎಂದು ದಿನಾ ಆಡಿಕೊಳ್ಳುತ್ತಿದ್ದಳು. ಇತ್ತೀಚೆಗೆ ತನ್ನ ಸಾಲಿನಲ್ಲಿ ಕಸವೂ ಕಡಿಮೆ ಅನ್ನಿಸಿ, "ನಾ ಬರೋದ ನೋಡಿ ಕಸಾನೂ ಹೆದರಿ ಓಡ್ತೈತಿ," ಎಂದು ನಗುತ್ತಿದ್ದಳು. ಪಕ್ಕದ ಸಾಲಿನಲ್ಲಿ ಸೊಸೆ ರೂಪಾ ತಲೆ ಎತ್ತದೆ ಕೆಲಸ ಮಾಡುತ್ತಿದ್ದಳು. ಅದರಾಚೆಯ ಲಕ್ಷ್ಮೀ, ಬಾಯಿ ಚುರುಕಿನ ಹುಡುಗಿ, ತುಟಿ ಕಚ್ಚಿ ಸುಮ್ಮನಾಗುತ್ತಿದ್ದಳು.

ಮಗ ದುರ್ಗೇಶ ಹೇಳದೇ ಇರಲಿಲ್ಲ. "ಯವ್ವಾ, ಸಾಕ ಮಾಡ ಬೇ. ಮುದುಕಿನ್ನ ದುಡಿಸಿ ತಿಂತಾನ ಅಂತ ಮಂದಿ ನನಗ ಬೈತಾರ."

"ಬೈಲಿ. ಬೈದ್ರ ನಿನ್ನ ಮೈಗೇನ ಅಂಟ್ಕೊತೈತೇನ?"

ಆಕೆಯ ಭಯವೇ ಬೇರೆ. ಆಕೆಗಿಂತ ಮುಂಚೆ ಬದುವಿನ ಸಾಲು ಸಕ್ಕೂಬಾಯಿಯದಾಗಿತ್ತು. ಕಣ್ಣು ಮಂಜಾಗಿ ಸಕ್ಕೂಬಾಯಿ ಮನೆಯಲ್ಲಿ ಕೂತಳು. ಹೊತ್ತು ಹೊತ್ತಿಗೆ ರೊಟ್ಟಿ ಬಂತು, ಚಹಾ ಬಂತು, ಮಾತು ಮಾತ್ರ ಬರಲಿಲ್ಲ. ಯಾರ ಹೊಲ, ಏನು ಬೆಳೆ ಎಂದು ಕೇಳಿದರೆ ಮನೆಯವರದು ಒಂದೇ ಉತ್ತರ: "ನಿನಗ್ಯಾಕ ಬೇಕ ಅದೆಲ್ಲಾ, ಸುಮ್ಮ ಕುಂದ್ರು." ಇಡೀ ಗುಂಪನ್ನು ಒಂದು ಕೂಗಿಗೆ ನಿಲ್ಲಿಸುತ್ತಿದ್ದ ಹೆಂಗಸು! ಅದನ್ನು ಕಂಡ ಮೇಲೆ ಅಡಿವೆವ್ವನಿಗೆ ಮನೆಯಲ್ಲಿ ಕೂರುವುದೆಂದರೆ ಎದೆ ಧಸಕ್ಕೆನ್ನುತ್ತಿತ್ತು.

ಆದರೆ ಕಾಲ ಎಲ್ಲಿ ಕೇಳುತ್ತದೆ? ಈಗ ದಿನಗೂಲಿ ಕಡಿಮೆಯಾಗಿ ಗುತ್ತಿಗೆ ಬಂದಿದೆ. ಇಷ್ಟು ಹೊಲಕ್ಕೆ ಇಷ್ಟು ಎಂದು ಮಾತಾದರೆ, ಬೇಗ ಮುಗಿಸಿದವರು ಮಧ್ಯಾಹ್ನ ಇನ್ನೊಂದು ಹೊಲ ಹಿಡಿಯಬಹುದು, ಇಲ್ಲವೇ ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಮನೆ ಸೇರಬಹುದು. ಅಡಿವೆವ್ವ ಮುಂದಿದ್ದರೆ ಒಂದು ಹೊಲಕ್ಕೇ ಸಂಜೆಯಾಗುತ್ತಿತ್ತು.

ಅವತ್ತು ಹೊಳೆಆಲೂರು ರಸ್ತೆಗೆ ಹತ್ತಿದ ಹೇಮಪ್ಪನ ಹೊಲದಲ್ಲಿ ಉಳ್ಳಾಗಡ್ಡಿಯ ಕಸ ತೆಗೆಯುತ್ತಿದ್ದರು. ನಾಳೆಯ ಕೆಲಸದ ಮಾತಿಗೆಂದು ಹೇಮಪ್ಪ ಅಡಿವೆವ್ವನನ್ನು ಪಂಪಿನ ಶೆಡ್ಡಿಗೆ ಕರೆದ. ಮಾತು ಮುಗಿಸಿ, ಬದುವಿನ ಜಾಲಿಯ ಮರೆಗೆ ಬಂದಾಗ ಅಡಿವೆವ್ವನ ಕಾಲುಗಳು ಅಲ್ಲೇ ನಿಂತವು. ರೂಪಾ ಎರಡು ಸಾಲು ತೆಗೆಯುತ್ತಿದ್ದಳು. ಒಂದು ತನ್ನದು, ಇನ್ನೊಂದು ಬದುವಿನದು. ಎರಡನ್ನೂ ಹಿಡಿದುಕೊಂಡೇ ಆಕೆ ಹೋಗುತ್ತಿದ್ದ ವೇಗವೋ ಯಪ್ಪಾ! ಉಳಿದವರೂ ಸರಸರ ಮುಂದೆ ಸಾಗಿದ್ದರು.

"ದಿನಾ ಹಿಂಗ ಕದ್ದು ಕದ್ದು ಎರಡ ಸಾಲ ತಗದ್ರ ನಿನ್ನ ಸೊಂಟ ಉಳಿತೈತೇನ?" ಲಕ್ಷ್ಮೀ ರೇಗುತ್ತಿದ್ದಳು. "ನಿಮ್ಮತ್ತಿಗೆ ಮನ್ಯಾಗ ಕುಂದ್ರಂತ ಹೇಳು. ಇಲ್ಲಾಂದ್ರ ನಾವು ಬ್ಯಾರೆ ಗುಂಪು ಮಾಡ್ಕೋತೀವಿ."

"ಮನ್ಯಾಗ ಕುಂದ್ರಿಸಿದ್ರ ಆಕಿ ಬದಕಂಗಿಲ್ಲ ಬೇ," ಎಂದಳು ರೂಪಾ. "ಆಕಿ ಸಾಲ ನಾ ನೋಡ್ಕೋತೀನಿ, ನೀವು ಸುಮ್ಮನಿರ್ರಿ."

ಅಡಿವೆವ್ವನಿಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಯಾರ ಮೇಲೆ ಎಂಬುದು ಮಾತ್ರ ಆಕೆಗೇ ಗೊತ್ತಾಗಲಿಲ್ಲ. ಕೆಮ್ಮಿಕೊಂಡು ಬದು ಇಳಿದಳು. ಎಲ್ಲರೂ ಏನೂ ಆಗಿಲ್ಲದವರಂತೆ ಕೂತಲ್ಲೇ ಕೈ ನಿಧಾನ ಮಾಡಿದರು. ಕಸವೇ ಇಲ್ಲದ ಸಾಲಿನಲ್ಲಿ ಆಕೆ ಸಂಜೆಯ ತನಕ ಕುರ್ಪಿ ಆಡಿಸಿದಳು. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂದಿತ್ತು. ಉಳ್ಳಾಗಡ್ಡಿಯ ಹೊಲ, ಯಾರೂ ಕೇಳಲಿಲ್ಲ.

ಮರುದಿನ ಟಂಟಂ ಹತ್ತುವಾಗ ಆಕೆ ಡ್ರೈವರ್ ಪಕ್ಕ ಕೂರಲಿಲ್ಲ. ಹಿಂದೆ ಹೋಗಿ ಲಕ್ಷ್ಮೀಯ ಪಕ್ಕ ಕೂತಳು. ಹೊಲ ಬಂದಾಗ ಯಾರ ಮುಖವನ್ನೂ ನೋಡದೆ ಆಚೆ ತುದಿಯ ಕೊನೆಯ ಸಾಲಿಗೆ ನಡೆದಳು.

"ಅತ್ತೀ, ನಿಮ್ಮ ಸಾಲು ಇಲ್ಲೈತಿ!" ರೂಪಾ ಗಾಬರಿಯಾಗಿ ಕೂಗಿದಳು.

"ಅದ ಇನ್ನ ನಿಂದು. ನನ್ನ ಸಾಲಿಗೆ ಕೈ ಹಚ್ಚಿದೆಂದ್ರ ನೋಡು! ಕುರ್ಪಿ ಊರು, ಹೊತ್ತ ಏರಾಕ ಹತ್ತೈತಿ."

ರೂಪಾ ಊರಿದಳು. ಗುಂಪು ಓಡಿತು. ಅಡಿವೆವ್ವ ನೋಡನೋಡುತ್ತಲೇ ಹಿಂದೆ ಬಿದ್ದಳು. ಬಿಸಿಲು ನೆತ್ತಿಗೆ ಬಂದರೂ ರೂಪಾ ನಿಲ್ಲಲಿಲ್ಲ. ಮುಂದೆ ಹೋಗುವುದೊಂದೇ ಆಕೆಯ ತಲೆಯಲ್ಲಿತ್ತು. ಮೊದಲು ಸುಸ್ತಾದವಳು ಲಕ್ಷ್ಮೀ. ಉಳಿದವರನ್ನು ಮುಂದೆ ಬಿಟ್ಟು ಹಿಂದಕ್ಕೆ ಬಂದು ಅಡಿವೆವ್ವನ ಪಕ್ಕ ಕುಕ್ಕರಿಸಿದಳು.

"ಆಯಿ, ನೀರ ಕುಡಿ. ತುಟಿ ಒಣಗ್ಯಾವ ನಿನ್ನವು."

"ಬದುವಿನ ಸಾಲಿನಾಕಿ ಇನ್ನಾ ಹೇಳಿಲ್ಲ."

ಲಕ್ಷ್ಮೀ ಎದ್ದು ಕೂಗಿದಳು: "ಏ ರೂಪಾ, ನಿಂದ್ರ ಬೇ! ನೀ ಹೇಳೋ ತನಕಾ ನಿಮ್ಮತ್ತಿ ನೀರ ಮುಟ್ಟಂಗಿಲ್ಲಂತ!"

ರೂಪಾ ತಿರುಗಿ ನೋಡಿದಳು. ಗುಂಪು ಅಲ್ಲೊಬ್ಬರು ಇಲ್ಲೊಬ್ಬರು ಚದುರಿತ್ತು. ಎಲ್ಲರಿಗಿಂತ ಹಿಂದೆ ಅತ್ತೆ. ಕುರ್ಪಿ ಅಲ್ಲೇ ಬಿಟ್ಟು ಓಡಿ ಬಂದಳು.

"ನನಗ ಹೊಳೀಲೇ ಇಲ್ಲರಿ ಅತ್ತಿ. ಯಾವಾಗ ನಿಂದ್ರಬೇಕಂತ ನಿಮಗ ಹ್ಯಾಂಗ ತಿಳೀತಿತ್ತು?"

"ಹೊಳ್ಳಿ ಈ ಲಕ್ಷ್ಮೀ ಮಾರಿ ನೋಡ್ತಿದ್ದೆ. ಒಳಗೊಳಗ ನನಗ ಬಯ್ಯಾಕ ಸುರು ಮಾಡಿದ್ಲಂದ್ರ, ನೀರಿನ ಹೊತ್ತಾತಂತ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಲಕ್ಷ್ಮೀಯ ಮುಖ ಕೆಂಪೇರಿತು. "ನೀರ ಕುಡೀರೆವ್ವಾ!" ಎಂದು ರೂಪಾ ಕೂಗಿದ ಮೇಲೆಯೇ ಅಡಿವೆವ್ವ ಬಾಟಲಿ ಎತ್ತಿದ್ದು. ಗಟಗಟನೆ ಅರ್ಧ ಖಾಲಿ ಮಾಡಿದಳು.

ರೂಪಾ ಆಕೆಯ ಎದುರಿಗೆ ಮಣ್ಣಲ್ಲೇ ಕೂತಳು. "ಅತ್ತೀ, ನಾಳೆ ಮೆಣಸಿನಗಿಡದ ಹೊಲಕ್ಕ ಬರ್ರಿ ಅಂತ ಕರೆಪ್ಪಣ್ಣ ಫೋನ್ ಮಾಡಿದ್ದ. ಹಿಡೀಲೇನ್ರಿ, ಬಿಡ್ಲೇನ್ರಿ?"

ಅಡಿವೆವ್ವ ಬಾಟಲಿಯ ಮುಚ್ಚಳ ತಿರುವಿದಳು, ಸೆರಗಿನಿಂದ ಬಾಯಿ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು.

"ಬಿಡು," ಎಂದಳು ಕೊನೆಗೆ. "ಆ ಹೊಲದಾಗ ಕರಿಕಿ ಹುಲ್ಲ ಭಾಳ, ಸಂಜಿ ತನಕಾ ಕಿತ್ರೂ ಮುಗಿಯಂಗಿಲ್ಲ."